ಮನೆಮಂದಿಯ ಫೋನು, ಇಮೇಲು, ಗುರುತಿನ ಚೀಟಿ: ಮೋಸಗಾರರ ಕೈಗೆ ಸಿಗದಂತೆ ಮೊದಲು ಯಾವುದನ್ನು ಭದ್ರ ಮಾಡಬೇಕು?

ಹೊಸಿಲು (ಪ್ರಶ್ನೆ)

ಮನೆಯಲ್ಲಿ ಐದು ಫೋನ್, ಎರಡು ಲ್ಯಾಪ್‌ಟಾಪ್ ಇವೆ. ಬಳಸುವವರಲ್ಲಿ ಇಬ್ಬರು ಎಪ್ಪತ್ತು ದಾಟಿದವರು, ಒಬ್ಬಳು ಕಾಲೇಜು ಹುಡುಗಿ. ಒಂದು ರಜಾದಿನ ಕೂತು ಎಲ್ಲರದ್ದನ್ನೂ ಸರಿಮಾಡುವ ಯೋಚನೆ ಇದೆ. ಹುಡುಕಿದರೆ ಸಿಗುವ ಸಲಹೆಯೆಲ್ಲ ‘ಜಾಗ್ರತೆಯಾಗಿರಿ, ಒಟಿಪಿ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ’ ಅನ್ನುವಲ್ಲಿಗೇ ಮುಗಿಯುತ್ತದೆ. ಇದು ಎಲ್ಲರಿಗೂ ಬಾಯಿಪಾಠ, ಆದರೂ ಜನ ಹಣ ಕಳೆದುಕೊಳ್ಳುತ್ತಲೇ ಇದ್ದಾರೆ.

ನನಗೆ ಬೇಕಿರುವುದು ಯಾವ ಸೆಟ್ಟಿಂಗ್, ಯಾವ ಕ್ರಮದಲ್ಲಿ, ಯಾಕೆ ಅನ್ನುವುದು. ಜೊತೆಗೆ ಈ ಅನುಮಾನಗಳಿವೆ: ಪಾಸ್‌ವರ್ಡನ್ನು ಆಗಾಗ ಬದಲಿಸುತ್ತಿರಬೇಕೇ? ಗುರುತಿನ ಚೀಟಿಯ ಜೆರಾಕ್ಸ್ ಕೇಳಿದವರಿಗೆಲ್ಲ ಕೊಡುವಾಗ ಏನು ಮಾಡಬಹುದು? ವಯಸ್ಸಾದವರಿಗೆ ಹತ್ತು ನಿಯಮ ಹೇಳಿದರೆ ಒಂದೂ ನೆನಪಿರುವುದಿಲ್ಲ, ಒಂದೇ ಹೇಳುವುದಾದರೆ ಯಾವುದು? ಅಷ್ಟಾದರೂ ಎಡವಟ್ಟಾದರೆ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು?

ಅಗುಳಿ

ಬ್ಯಾಂಕ್ ಆ್ಯಪ್‌ನಿಂದ ಶುರು ಮಾಡಬೇಡಿ, ಇಮೇಲಿನಿಂದ ಶುರು ಮಾಡಿ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದಾಗ ಹೊಸದನ್ನು ಇಡುವ ಲಿಂಕ್ ಎಲ್ಲಿಗೆ ಬರುತ್ತದೆ ಯೋಚಿಸಿ. ಒಂದೋ ಇಮೇಲಿಗೆ, ಇಲ್ಲವೇ ಸಿಮ್ ಇರುವ ನಂಬರಿಗೆ. ಒಬ್ಬರ ಉಳಿದ ನಲವತ್ತು ಖಾತೆಗಳ ಬೀಗದಕೈ ಈ ಎರಡರಲ್ಲೇ ನೇತಾಡುತ್ತಿರುತ್ತದೆ. ಇವೆರಡು ಗಟ್ಟಿಯಾಗಿದ್ದರೆ ಬೇರೆ ಯಾವುದೋ ಶಾಪಿಂಗ್ ಖಾತೆ ಹೋದರೂ ವಾಪಸ್ ತರಬಹುದು. ಇಮೇಲ್ ಹೋದರೆ ಅದರ ಹಿಂದೆಯೇ ಎಲ್ಲವೂ ಹೋಗುತ್ತದೆ.

ಇಮೇಲಿಗೆ ಬೇರೆಲ್ಲೂ ಬಳಸದ, ಉದ್ದನೆಯ ಪಾಸ್‌ವರ್ಡ್ ಇಡಿ. ನೆನಪಿಡಬೇಕಾದ್ದು ಇದೊಂದೇ ಆಗಿದ್ದರೆ, ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸುವುದು ಸುಲಭ. ಆದರೆ ಪದಗಳನ್ನು ತಲೆಯಿಂದ ತೆಗೆಯಬೇಡಿ. ಮನುಷ್ಯ ತಾನಾಗಿ ಆರಿಸಿದರೆ ದೇವರ ಹೆಸರು, ಮಕ್ಕಳ ಹೆಸರು, ಊರ ಹೆಸರೇ ಬರುತ್ತದೆ. ಡೈಸ್‌ವೇರ್ ಎಂಬ ಪಟ್ಟಿಯಲ್ಲಿ 7776 ಪದಗಳಿವೆ. ದಾಳವನ್ನು ಐದು ಸಲ ಉರುಳಿಸಿ ಬಂದ ಅಂಕಿಗಳಿಂದ ಒಂದು ಪದ ಆರಿಸುತ್ತಾರೆ. ಹಾಗೆ ಆರು ಪದ ಆದರೆ ಕಂಪ್ಯೂಟರಿನಿಂದ ಊಹಿಸಿ ಒಡೆಯುವ ಮಾತೇ ಇಲ್ಲ.

ಆಗಾಗ ಬದಲಿಸುವ ವಿಷಯ: ಬೇಡ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ತನ್ನ 2017ರ ಮಾರ್ಗಸೂಚಿಯಲ್ಲೇ, ಅವಧಿ ಮುಗಿಯಿತೆಂದು ಪಾಸ್‌ವರ್ಡ್ ಬದಲಿಸಲು ಜನರನ್ನು ಒತ್ತಾಯಿಸಬಾರದು ಎಂದಿತು. ತಿಂಗಳಿಗೊಮ್ಮೆ ಬದಲಿಸು ಎಂದರೆ ಯಾರಾದರೂ ಮಾಡುವುದು ಕೊನೆಯ 1 ಅನ್ನು 2 ಮಾಡುವುದು, ಅಷ್ಟೇ. ಸೋರಿಕೆಯಾಗಿದೆ ಎಂದು ತಿಳಿದಾಗ ಮಾತ್ರ ಬದಲಿಸಿ. ಅದನ್ನು ತಿಳಿಯಲು ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣವಿದೆ. ಇಮೇಲ್ ವಿಳಾಸ ಹಾಕಿದರೆ ಯಾವ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಎಂದು ತೋರಿಸುತ್ತದೆ. ಅಲ್ಲಿ ಪಾಸ್‌ವರ್ಡ್ ಪರೀಕ್ಷಿಸುವ ಭಾಗವೂ ಇದೆ. ನೀವು ಹಾಕಿದ ಪಾಸ್‌ವರ್ಡ್ ಇಡಿಯಾಗಿ ಅವರಿಗೆ ಹೋಗುವುದಿಲ್ಲ, ಅದರ ಹ್ಯಾಶ್‌ನ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ತೆಗೆದ ಸಂಕೇತದ) ಮೊದಲ ಐದು ಅಕ್ಷರ ಮಾತ್ರ ಹೋಗುತ್ತದೆ.

ಆಮೇಲೆ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಒಂದನ್ನೇ ನಂಬದೆ ಇನ್ನೊಂದು ಸಾಕ್ಷಿ ಕೇಳುವುದು. ಇಲ್ಲಿ ಮೂರು ಬಗೆ ನೋಡೋಣ: ಎಸ್‌ಎಂಎಸ್ ಕೋಡ್, ಆಥೆಂಟಿಕೇಟರ್ ಆ್ಯಪ್, ಪಾಸ್‌ಕೀ. ಎಸ್‌ಎಂಎಸ್‌ಗೆ ಬರುವ ಕೋಡ್ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು, ಆದರೆ ಮೂರರಲ್ಲಿ ಅದೇ ದುರ್ಬಲ. ಆಥೆಂಟಿಕೇಟರ್ ಆ್ಯಪ್ ಅದಕ್ಕಿಂತ ವಾಸಿ. 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡ್ ಫೋನಿನಲ್ಲೇ ಹುಟ್ಟುತ್ತದೆ, ಸಿಮ್‌ಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೂ ಒಂದು ತೂತು ಇದೆ: ನಕಲಿ ತಾಣದಲ್ಲಿ ನೀವೇ ಆ ಕೋಡ್ ಟೈಪಿಸಿದರೆ ಆ 30 ಸೆಕೆಂಡಿನೊಳಗೇ ಅವರು ಅದನ್ನು ಅಸಲಿ ತಾಣಕ್ಕೆ ದಾಟಿಸುತ್ತಾರೆ. ಈಗಿನ ನಕಲಿ ತಾಣಗಳಲ್ಲಿ ಈ ಕೆಲಸಕ್ಕೆ ಮನುಷ್ಯನೂ ಬೇಕಿಲ್ಲ. ಇದಕ್ಕೆ ಬಗ್ಗದಿರುವುದು ಪಾಸ್‌ಕೀ ಮಾತ್ರ, ಅಂದರೆ ಟೈಪಿಸುವ ಪಾಸ್‌ವರ್ಡ್ ಬದಲು ಫೋನಿನಲ್ಲೇ ಇದ್ದು ಬೆರಳಚ್ಚಿನಿಂದ ತೆರೆಯುವ ಡಿಜಿಟಲ್ ಬೀಗದಕೈ. ಅದು ತಾಣದ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ನೀವು ಬೆರಳಿಟ್ಟು ಕೊಡುತ್ತೇನೆಂದರೂ ಕೊಡಲಾಗುವುದಿಲ್ಲ. ಇಮೇಲಿಗೆ ಪಾಸ್‌ಕೀ ಸೌಲಭ್ಯ ಇದ್ದರೆ ಇವತ್ತೇ ಮಾಡಿ.

ಫೋನ್ ಕೈಯಲ್ಲಿಲ್ಲದಾಗ ಖಾತೆಯೊಳಗೆ ಹೋಗಲು ಬಳಸುವ ಬ್ಯಾಕಪ್ ಕೋಡ್ ಎನ್ನುವುದನ್ನು ಮರೆಯಬೇಡಿ. ಗೂಗಲ್ ಖಾತೆಯಲ್ಲಾದರೆ ಎಂಟಂಕಿಯ ಹತ್ತು ಕೋಡ್ ಸಿಗುತ್ತವೆ, ಒಂದೊಂದೂ ಒಂದೇ ಸಲಕ್ಕೆ. ಕಾಗದದ ಮೇಲೆ ಬರೆದು, ಮುಖ್ಯ ದಾಖಲೆ ಇಡುವ ಕಪಾಟಿನಲ್ಲಿಡಿ. ಫೋಟೋ ತೆಗೆದು ಅದೇ ಫೋನಿನ ಗ್ಯಾಲರಿಯಲ್ಲಿಟ್ಟರೆ ಫೋನ್ ಕಳೆದ ದಿನ ಅದೂ ಜೊತೆಗೇ ಹೋಗಿರುತ್ತದೆ.

ಇನ್ನು ಸಿಮ್. ಫೋನಿಗೆ ಎಷ್ಟೇ ಲಾಕ್ ಇದ್ದರೂ ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಅದನ್ನು ತಡೆಯುವುದು ಸಿಮ್ ಪಿನ್. ಸೆಟ್ಟಿಂಗ್‌ನಲ್ಲಿ ಭದ್ರತೆಯ ಭಾಗದಲ್ಲಿ ‘ಸಿಮ್ ಲಾಕ್’ ಎಂದಿರುತ್ತದೆ. ಆನ್ ಮಾಡುವ ಮೊದಲು ನಿಮ್ಮ ಕಂಪನಿ ಕೊಟ್ಟಿರುವ ಮೂಲ ಪಿನ್ ಏನೆಂದು ತಿಳಿದುಕೊಳ್ಳಿ. ಇಲ್ಲಿ ಅಂದಾಜು ನಡೆಯುವುದಿಲ್ಲ, ಮೂರು ಸಲ ತಪ್ಪಿದರೆ ಸಿಮ್ ಬೀಗ ಹಾಕಿಕೊಂಡು ಅದನ್ನು ತೆರೆಯುವ ಎಂಟಂಕಿಯ ಪಿಯುಕೆ ಸಂಖ್ಯೆ ಕೇಳುತ್ತದೆ. ಅದು ಹತ್ತು ಸಲ ತಪ್ಪಾದರೆ ಆ ಸಿಮ್ ಸತ್ತಂತೆ, ಹೊಸದೇ ತರಬೇಕು.

ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳಗಿನ ಸಾಲು ಕಾಣದಂತೆ ಮಾಡಿ. ಬಹಳ ಮಂದಿ ಬಿಡುವುದು ಇದನ್ನೇ. ಮೇಜಿನ ಮೇಲೆ ಲಾಕ್ ಆಗಿ ಬಿದ್ದಿರುವ ಫೋನ್ ಒಟಿಪಿಯನ್ನು ಊರಿಗೆಲ್ಲ ತೋರಿಸುತ್ತಿರುತ್ತದೆ.

ಒರೆಗಲ್ಲು

ಅಗುಳಿ ಹೇಳಿದ್ದು ಖಾತೆಗಳ ಮಾತು. ನಾನು ಕರೆ ಮತ್ತು ಮೆಸೇಜಿನ ಬಗ್ಗೆ ಬರೆಯುತ್ತೇನೆ.

‘ಮೋಸವನ್ನು ಗುರುತಿಸುವುದು ಹೇಗೆ’ ಎಂದು ಹಿರಿಯರಿಗೆ ಕಲಿಸುವುದನ್ನು ಬಿಟ್ಟುಬಿಡಿ. ಗುರುತು ಅಂದುಕೊಂಡದ್ದೆಲ್ಲ ಈಗ ಉಲ್ಟಾ ಹೊಡೆದಿದೆ. ತಪ್ಪು ಕಾಗುಣಿತ ನೋಡಿ ಅನ್ನುತ್ತಿದ್ದರು, ಈಗ ಯಂತ್ರವೇ ತಪ್ಪಿಲ್ಲದೆ ಬರೆದುಕೊಡುತ್ತದೆ. ಬ್ರೌಸರಿನಲ್ಲಿ ಬೀಗದ ಚಿತ್ರ ನೋಡಿ ಅನ್ನುತ್ತಿದ್ದರು. ಆ ಬೀಗ ಹೇಳುತ್ತಿದ್ದದ್ದು ನಿಮಗೂ ಆ ತಾಣಕ್ಕೂ ನಡುವೆ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ, ಆಚೆ ಕೂತವನು ಸಾಚಾ ಎಂದಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆದುಹಾಕಿತು. ಪರದೆಯ ಮೇಲೆ ಬರುವ ಕರೆಯ ನಂಬರನ್ನು ಸುಳ್ಳಾಗಿ ತೋರಿಸಬಹುದು. ಎಸ್‌ಎಂಎಸ್‌ನಲ್ಲಿ ನಂಬರಿನ ಬದಲು ಬರುವ ಸಂಸ್ಥೆಯ ಹೆಸರನ್ನೂ ಎಷ್ಟೋ ಜಾಲಗಳಲ್ಲಿ ನಕಲು ಮಾಡಲಾಗುತ್ತದೆ. ಆಗ ಸುಳ್ಳು ಮೆಸೇಜು ಅಸಲಿ ಬ್ಯಾಂಕಿನ ಹಳೆಯ ಮೆಸೇಜುಗಳ ಸಾಲಿನಲ್ಲೇ ಬಂದು ಕೂರುತ್ತದೆ, ಯಾಕೆಂದರೆ ಫೋನು ಹೆಸರು ನೋಡಿ ಗುಂಪು ಮಾಡುತ್ತದೆ ಅಷ್ಟೇ.

ಇನ್ನೊಂದು ಹಳೆಯ ಆಟ: ‘ನಿಮ್ಮ ಕಾರ್ಡ್ ನಂಬರಿನ ಮೊದಲ ಆರು ಅಂಕಿ ಇದು ತಾನೆ?’ ಎಂದು ಸರಿಯಾಗಿ ಹೇಳಿ ನಂಬಿಸುವುದು. ಆ ಆರು ಅಂಕಿ ನಿಮ್ಮ ಗುಟ್ಟೇ ಅಲ್ಲ, ಕಾರ್ಡ್ ಕೊಟ್ಟ ಬ್ಯಾಂಕಿನ ಗುರುತು. ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡು ಇರುವ ಎಲ್ಲರದ್ದೂ ಹಾಗೇ ಶುರುವಾಗುತ್ತದೆ. ಕೊನೆಯ ನಾಲ್ಕು ಅಂಕಿ ಅಂಗಡಿಯ ರಸೀದಿಯಲ್ಲಿ ಅಚ್ಚಾಗಿರುತ್ತದೆ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಯಾವುದೋ ಸೋರಿಕೆಯಲ್ಲಿ ಸಿಕ್ಕಿರುತ್ತವೆ. ‘ನನ್ನ ಬಗ್ಗೆ ಇಷ್ಟೆಲ್ಲ ಗೊತ್ತಿದೆ, ಹಾಗಾದರೆ ಬ್ಯಾಂಕಿನವರೇ’ ಎಂಬ ಲೆಕ್ಕ ಅಲ್ಲಿಗೆ ಕೆಡುತ್ತದೆ.

ಆದ್ದರಿಂದ ಹಿರಿಯರಿಗೆ ಹೇಳಬೇಕಾದ ಒಂದೇ ನಿಯಮ: ಹಣ, ಕೋಡ್, ಆ್ಯಪ್ ಈ ಮೂರರಲ್ಲಿ ಯಾವುದರ ಮಾತು ಬಂದರೂ ಕರೆ ಕಟ್ ಮಾಡಿ, ನಾವೇ ವಾಪಸ್ ಮಾಡೋಣ. ವಾಪಸ್ ಮಾಡುವುದು ಅವರು ಕೊಟ್ಟ ನಂಬರಿಗಲ್ಲ, ಗೂಗಲ್‌ನಲ್ಲಿ ಹುಡುಕಿ ಮೇಲೆ ಸಿಕ್ಕ ನಂಬರಿಗೂ ಅಲ್ಲ. ಜಾಹೀರಾತು ಕೊಟ್ಟು ಸುಳ್ಳು ಸಹಾಯವಾಣಿಯನ್ನು ಮೇಲೆ ತರುವವರಿದ್ದಾರೆ. ಕಾರ್ಡಿನ ಹಿಂಬದಿ, ಪಾಸ್‌ಬುಕ್, ಇಲ್ಲವೇ ಆ್ಯಪ್ ಒಳಗಿರುವ ನಂಬರಿಗೆ ಮಾಡಬೇಕು. ಈ ನಿಯಮದಲ್ಲಿ ಕರೆ ಅಸಲಿಯೋ ನಕಲಿಯೋ ಎಂದು ತೂಗುವ ಕೆಲಸವೇ ಹಿರಿಯರಿಗಿಲ್ಲ. ಅಸಲಿ ಬ್ಯಾಂಕಿನವರಿಗೆ ಕಟ್ ಮಾಡಿದರೂ ನಷ್ಟವಿಲ್ಲ. ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ, ಲೈನಿನಲ್ಲೇ ಇರಿ ಎಂದು ಒತ್ತಾಯಿಸುವವರು, ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊದಲ್ಲಿ ಕಂಡರೂ ಸರಿ, ಮೋಸಗಾರರೇ.

ಮೊಮ್ಮಗನ ದನಿಯಲ್ಲಿ ಅಳುತ್ತಾ ಕರೆ ಬಂದರೂ ಇದೇ ನಿಯಮ. ಚಿಕ್ಕ ತುಣುಕು ಆಡಿಯೊ ಇದ್ದರೆ ದನಿಯನ್ನು ನಕಲು ಮಾಡುವ ಸಾಧನಗಳು ಎಲ್ಲರ ಕೈಗೂ ಬಂದಿವೆ. ಮನೆಯೊಳಗೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ ಎನ್ನುತ್ತಾರೆ. ಗಾಬರಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕಟ್ ಮಾಡಿ ಮೊಮ್ಮಗನ ನಂಬರಿಗೇ ಮಾಡುವುದು ಸುಲಭ.

ಈಗ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಬಲೆ. ಕೊರಿಯರ್ ಹುಡುಗನ ನಂಬರ್ ಇದು, ಅಥವಾ ನೆಟ್‌ವರ್ಕ್ ಸರಿಮಾಡಲು ಇದನ್ನು ಡಯಲ್ ಮಾಡಿ ಎಂದು *21* ಇಂದ ಶುರುವಾಗಿ, ನಡುವೆ ಒಂದು ಮೊಬೈಲ್ ನಂಬರ್ ಇದ್ದು, # ಇಂದ ಮುಗಿಯುವ ಸಂಖ್ಯೆ ಕೊಡುತ್ತಾರೆ. ಅದು ಜಿಎಸ್‌ಎಂ ಜಾಲದಲ್ಲಿ ನಿಮ್ಮ ಕರೆಗಳೆಲ್ಲವನ್ನೂ ಆ ನಂಬರಿಗೆ ತಿರುಗಿಸುವ ಆದೇಶ. ಆಮೇಲೆ ಅವರು ನಿಮ್ಮ ನಂಬರ್ ಹಾಕಿ ವಾಟ್ಸ್‌ಆ್ಯಪ್ ತೆರೆದು, ಎಸ್‌ಎಂಎಸ್ ಬೇಡ, ಕರೆ ಮಾಡಿ ಕೋಡ್ ಹೇಳಿ ಎಂದು ಕೇಳುತ್ತಾರೆ. ಕೋಡ್ ಹೇಳುವ ಕರೆ ನೇರವಾಗಿ ಅವರಿಗೇ ಹೋಗುತ್ತದೆ. ನಿಮ್ಮ ಫೋನು ರಿಂಗೂ ಆಗುವುದಿಲ್ಲ. *#21# ಡಯಲ್ ಮಾಡಿದರೆ ಕರೆಗಳು ಬೇರೆಡೆಗೆ ತಿರುಗಿವೆಯೇ ಎಂದು ತೋರಿಸುತ್ತದೆ. ##002# ಎಲ್ಲ ತಿರುವುಗಳನ್ನೂ ಅಳಿಸುತ್ತದೆ.

ವಾಟ್ಸ್‌ಆ್ಯಪ್‌ಗೆ ಇದೇ ಕಾರಣಕ್ಕೆ ಆರಂಕಿಯ ಎರಡು ಹಂತದ ಪಿನ್ ಇಡಿ. ನೀವು ಇಡದಿದ್ದರೆ ಖಾತೆ ಕದ್ದವನು ಇಡುತ್ತಾನೆ. ಆಗ ನಿಮ್ಮ ನಂಬರಿನಿಂದ ಮತ್ತೆ ನೋಂದಾಯಿಸಿದರೆ ಅವನು ಹೊರಬೀಳುತ್ತಾನೆ ನಿಜ, ಆದರೆ ಅವನಿಟ್ಟ ಪಿನ್ ಗೊತ್ತಿಲ್ಲದ ಕಾರಣ ನೀವು ಒಳಗೆ ಬರಲು ಏಳು ದಿನ ಕಾಯಬೇಕು. ‘ಲಿಂಕ್ ಆದ ಸಾಧನಗಳು’ ಪಟ್ಟಿಯನ್ನೂ ತೆರೆದು ನೋಡಿ. ಅಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಯಾರೋ ಕೂತು ಸದ್ದಿಲ್ಲದೆ ಓದುತ್ತಿದ್ದಾರೆ ಎಂದರ್ಥ, ಕೂಡಲೇ ಲಾಗ್ ಔಟ್ ಮಾಡಿ.

ಜರಡಿ

ಕಾಗದದ ಮಾತು ಯಾರೂ ಎತ್ತಲಿಲ್ಲ.

ಜೆರಾಕ್ಸ್ ಕೊಡುವಾಗ ಅದರ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಪೆನ್ನಿನಿಂದ ಬರೆದು ಸಹಿ ಮಾಡಿ. ಬರೆಯುವುದು ಮೂಲೆಯ ಖಾಲಿ ಜಾಗದಲ್ಲಲ್ಲ. ಮೂಲೆಯನ್ನು ಕತ್ತರಿಸಬಹುದು, ಮುಚ್ಚಿ ಮತ್ತೊಂದು ಜೆರಾಕ್ಸ್ ತೆಗೆಯಬಹುದು. ಅಕ್ಷರ ಫೋಟೋದ ಅಂಚನ್ನೂ ಹೆಸರಿನ ಸಾಲನ್ನೂ ದಾಟಿಕೊಂಡು ಅಡ್ಡಡ್ಡ ಹೋಗಬೇಕು, ಕೆಳಗಿನದು ಓದಲು ಬರುವಷ್ಟು ತೆಳ್ಳಗೆ. ಇದರಿಂದ ನಕಲು ಮಾಡುವುದು ಅಸಾಧ್ಯವಾಗುವುದಿಲ್ಲ, ರಗಳೆಯಾಗುತ್ತದೆ. ರಗಳೆಯಿಲ್ಲದ ಬೇರೆಯವರ ಪ್ರತಿ ಪಕ್ಕದಲ್ಲೇ ಇರುವಾಗ ಕಳ್ಳ ನಿಮ್ಮದನ್ನು ಬಿಡುತ್ತಾನೆ. ಕೊಡುವ ಮೊದಲು ‘ನೋಡಿ ವಾಪಸ್ ಕೊಟ್ಟರೆ ಸಾಲದೇ?’ ಎಂದು ಕೇಳಿ. ಅರ್ಧಕ್ಕರ್ಧ ಕಡೆ ಸಾಕು ಎನ್ನುತ್ತಾರೆ, ಅಭ್ಯಾಸಬಲದಿಂದ ಕೇಳಿರುತ್ತಾರೆ.

ಜೆರಾಕ್ಸ್ ಅಂಗಡಿಯಲ್ಲಿ ಮೆಷಿನ್ನಿನ ಗಾಜಿನ ಮೇಲೆ ಮೂಲ ಚೀಟಿ ಬಿಟ್ಟು ಬರುವುದು, ಮಸಿ ಸರಿ ಬಿದ್ದಿಲ್ಲವೆಂದು ಪಕ್ಕಕ್ಕೆ ಎಸೆದ ಪ್ರತಿ ಅಲ್ಲೇ ಉಳಿಯುವುದು, ಪ್ರಿಂಟಿಗೆಂದು ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸಿದ ಫೈಲ್ ಅವರ ಕಂಪ್ಯೂಟರಿನಲ್ಲಿ ಕೂರುವುದು: ಸೋರುವುದು ಇಂಥ ಕಡೆ. ಕೆಟ್ಟ ಪ್ರತಿಯನ್ನೂ ಕೇಳಿ ತನ್ನಿ, ಫೈಲನ್ನು ಎದುರಿಗೇ ಅಳಿಸಲು ಹೇಳಿ.

ಫೋನಿನಲ್ಲಿ ನಂಬರ್ ಮುಚ್ಚಿ ಕಳಿಸುವವರು ಎಡವುವ ಜಾಗ ಬೇರೆ. ಗ್ಯಾಲರಿಯ ಎಡಿಟರಿನಲ್ಲಿರುವ ಹೈಲೈಟರ್ ಅಥವಾ ಮಾರ್ಕರ್ ಬ್ರಷ್ ಕಪ್ಪಾಗಿ ಕಂಡರೂ ಪೂರ್ತಿ ಕಪ್ಪಲ್ಲ. ಬೆಳಕು ಏರಿಸಿದರೆ ಕೆಳಗಿನ ಅಂಕಿ ಇಣುಕುತ್ತದೆ. ಪಿಡಿಎಫ್ ಮೇಲೆ ಎಳೆದ ಕಪ್ಪು ಪಟ್ಟಿ ಬರೀ ಹೊದಿಕೆ, ಅದರ ಕೆಳಗಿನ ಅಕ್ಷರಗಳನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಪೂರ್ತಿ ಬರುತ್ತದೆ. ಮಸುಕು ಮಾಡುವುದೂ ನಂಬಿಕೆಗೆ ಅರ್ಹವಲ್ಲ, ಹತ್ತೇ ಅಂಕಿಗಳಲ್ಲಿ ಯಾವುದು ಎಂದು ಊಹಿಸುವುದು ಕಷ್ಟವಲ್ಲ. ಕತ್ತರಿಸಿದರೆ ಸಾಕೆಂದು ಅಂದುಕೊಂಡವರಿಗೆ 2023ರಲ್ಲಿ ಪಾಠವಾಯಿತು: ಪಿಕ್ಸೆಲ್ ಫೋನಿನ ಮಾರ್ಕಪ್‌ನಲ್ಲೂ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಕತ್ತರಿಸಿ ಉಳಿಸಿದ ಚಿತ್ರದ ಫೈಲಿನೊಳಗೆ ಕತ್ತರಿಸಿದ ಭಾಗ ಉಳಿದುಬಿಡುತ್ತಿತ್ತು. ಆಮೇಲೆ ಸರಿಪಡಿಸಿದರು, ಮೊದಲು ಕಳಿಸಿದ ಚಿತ್ರಗಳು ಹಾಗೇ ಇವೆ. ಭದ್ರವಾದ ದಾರಿ: ಗಟ್ಟಿ ಕಪ್ಪು ಚೌಕ ಇಟ್ಟು ಮುಚ್ಚಿ, ಆ ಪರದೆಯದ್ದೇ ಸ್ಕ್ರೀನ್‌ಶಾಟ್ ತೆಗೆದು, ಸ್ಕ್ರೀನ್‌ಶಾಟನ್ನು ಮಾತ್ರ ಕಳಿಸುವುದು. ಇನ್ನೂ ಸುಲಭ: ಫೋಟೋ ತೆಗೆಯುವ ಮೊದಲೇ ನಂಬರಿನ ಮೇಲೆ ಕಾಗದದ ಚೂರು ಇಡುವುದು. ಕಾಗದದ ಚೂರನ್ನು ಯಾವ ಸಾಫ್ಟ್‌ವೇರೂ ಸರಿಸಲಾರದು!

ಹಳೆಯ ಸ್ಟೇಟ್‌ಮೆಂಟ್, ಅರ್ಜಿಗಳನ್ನು ಹರಿದು ಹಾಕಲು ಶ್ರೆಡರ್ ಕೊಳ್ಳುವುದಾದರೆ ಡಬ್ಬದ ಮೇಲೆ ಡಿಐಎನ್ 66399 ಮಾನಕದ ದರ್ಜೆ ನೋಡಿ. ಪಿ-2 ಬರೀ ಉದ್ದುದ್ದ ಪಟ್ಟಿ ಮಾಡುತ್ತದೆ, ಪುರುಸೊತ್ತಿದ್ದವರು ಜೋಡಿಸಬಹುದು. ಪಿ-4 ಎಂದರೆ ಚೂರಿನ ಅಳತೆ 160 ಚದರ ಮಿಲಿಮೀಟರ್ ಮೀರುವುದಿಲ್ಲ, ಮನೆಗೆ ಅದು ಸಾಕು. ಶ್ರೆಡರ್ ಇಲ್ಲದಿದ್ದರೆ ಹೆಸರು, ನಂಬರ್, ಸಹಿ ಇರುವ ಭಾಗವನ್ನು ಮಾತ್ರ ನೀರಿನಲ್ಲಿ ನೆನೆಸಿ ಕಿವುಚಿ ಮುದ್ದೆ ಮಾಡಿ. ಪಾರ್ಸೆಲ್ ಡಬ್ಬದ ಮೇಲಿನ ವಿಳಾಸದ ಲೇಬಲ್ ಹೆಚ್ಚಾಗಿ ಶಾಖಕ್ಕೆ ಕಪ್ಪಾಗುವ ಕಾಗದದ್ದು, ಬಿಸಿ ಇಸ್ತ್ರಿಪೆಟ್ಟಿಗೆ ಸೋಕಿಸಿದರೆ ಪೂರ್ತಿ ಕಪ್ಪಾಗುತ್ತದೆ.

ಚಿಲಕ

ಅಗುಳಿ ಅವರು ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡುಗಳನ್ನೂ ಬೀಗ ಹಾಕಿ ಇಟ್ಟುಕೊಂಡು, ಬೇಕಾದಾಗ ತುಂಬಿಕೊಡುವ ಆ್ಯಪ್) ಹೆಸರು ಎತ್ತಲಿಲ್ಲವಲ್ಲ ಎಂದು ಆಶ್ಚರ್ಯ. ನಲವತ್ತು ಖಾತೆಗೆ ನಲವತ್ತು ಬೇರೆ ಪಾಸ್‌ವರ್ಡ್ ಬೇಕೆಂದರೆ ಬೇರೆ ದಾರಿಯಿಲ್ಲ. ಅದರಲ್ಲಿ ಇನ್ನೊಂದು ಲಾಭವಿದೆ. ಮ್ಯಾನೇಜರ್ ಪಾಸ್‌ವರ್ಡ್ ತುಂಬುವುದು ತಾಣದ ವಿಳಾಸ ಹೊಂದಿದಾಗ ಮಾತ್ರ. ದಿನಾ ತಾನಾಗಿ ತುಂಬುತ್ತಿದ್ದದ್ದು ಇವತ್ತು ಸುಮ್ಮನಿದೆ ಎಂದರೆ ನಿಂತು ವಿಳಾಸ ನೋಡಿ. ಇಂಗ್ಲಿಷಿನ ಆರ್ ಮತ್ತು ಎನ್ ಒತ್ತೊತ್ತಾಗಿ ಬಂದರೆ ಎಂ ಥರ ಕಾಣುತ್ತದೆ. ನಮ್ಮ ಕಣ್ಣು ಮೋಸಹೋಗುತ್ತದೆ, ಮ್ಯಾನೇಜರ್ ಹೋಗುವುದಿಲ್ಲ. ವಿಳಾಸ ಓದುವಾಗ ಮೊದಲ ಒಂಟಿ ಓರೆಗೆರೆಯವರೆಗೆ ಬಂದು ಅಲ್ಲಿಂದ ಎಡಕ್ಕೆ ಹಿಂದೆ ಓದಿ. ತಾಣದ ಮಾಲೀಕ ಯಾರೆಂದು ಹೇಳುವುದು ಆ ಬಲತುದಿ, ಎಡಭಾಗದಲ್ಲಿ ಯಾವ ಬ್ಯಾಂಕಿನ ಹೆಸರನ್ನಾದರೂ ಬರೆದುಕೊಳ್ಳಬಹುದು.

ಆದರೆ ಎಪ್ಪತ್ತು ದಾಟಿದವರಿಗೆ ಮ್ಯಾನೇಜರ್ ಹೇರಬೇಡಿ. ಅವರಿಗೆ ಒಂದು ನೋಟ್‌ಬುಕ್ ಕೊಡಿ. ಬರೆದಿಡಬಾರದು ಎನ್ನುವುದು ಕಚೇರಿಯ ಮಾತು. ಮನೆಯ ಕಪಾಟಿನೊಳಗಿರುವ ನೋಟ್‌ಬುಕ್ಕಿಗೆ ದೂರದ ಕಳ್ಳ ಕೈಹಾಕಲಾರ, ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟರೆ ಮಾತ್ರ ಆಗುವ ಅನಾಹುತ ಬಹಳ ದೊಡ್ಡದು. ಬ್ಯಾಂಕಿನ ಪಿನ್ ಅದರಲ್ಲಿ ಬರೆಯದಿದ್ದರೆ ಆಯಿತು.

‘ನಿಮ್ಮ ತಾಯಿಯ ಮೊದಲಿನ ಮನೆತನದ ಹೆಸರೇನು’ ಎಂಬಂಥ ಭದ್ರತಾ ಪ್ರಶ್ನೆಗಳಿಗೆ ನಿಜ ಹೇಳಬೇಡಿ. ಉತ್ತರ ನೆಂಟರಿಷ್ಟರಿಗೆಲ್ಲ ಗೊತ್ತಿರುತ್ತದೆ. ಏನೋ ಸುಳ್ಳು ಬರೆದು ಆ ಸುಳ್ಳನ್ನು ನೋಟ್‌ಬುಕ್ಕಿನಲ್ಲಿಡಿ.

ಸಾರ್ವಜನಿಕ ವೈಫೈ, ನಿಲ್ದಾಣದ ಚಾರ್ಜರ್ ಬಗ್ಗೆ ಇರುವಷ್ಟು ಹೆದರಿಕೆ ಬೇಡ. ಈಗ ಬಹುತೇಕ ಎಲ್ಲ ತಾಣಗಳೂ ಮಾಹಿತಿಯನ್ನು ಗೂಢಲಿಪಿಯಲ್ಲೇ ಸಾಗಿಸುತ್ತವೆ. ವೈಫೈ ಕೊಡುವ ಪುಟ ನಿಮ್ಮ ಇಮೇಲಿನ ಪಾಸ್‌ವರ್ಡ್ ಕೇಳಿದರೆ ಮಾತ್ರ ಎದ್ದು ಬನ್ನಿ. ಚಾರ್ಜಿಗಿಟ್ಟಾಗ ‘ಈ ಸಾಧನವನ್ನು ನಂಬುತ್ತೀರಾ’ ಎಂದು ಫೋನ್ ಕೇಳಿದರೆ ಇಲ್ಲ ಎನ್ನಿ.

ಹೆದರಬೇಕಾದದ್ದು ಮೆಸೇಜಿನಲ್ಲಿ ಬರುವ ಎಪಿಕೆ ಫೈಲಿಗೆ, ಅಂದರೆ ಒತ್ತಿದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಹಾಕುವ ಫೈಲಿಗೆ. ಮದುವೆ ಕರೆಯೋಲೆ, ದಂಡದ ಚೀಟಿ, ಬಿಲ್ಲು, ಯಾವ ವೇಷದಲ್ಲಾದರೂ ಬರಬಹುದು. ಇನ್‌ಸ್ಟಾಲ್ ಆದ ಕೂಡಲೇ ಎಸ್‌ಎಂಎಸ್ ಓದುವ ಅನುಮತಿ, ಇಲ್ಲವೇ ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೇಳುತ್ತದೆ. ಎರಡನೆಯದು ಕೊಟ್ಟರೆ ಪರದೆಯಲ್ಲಿರುವುದನ್ನೆಲ್ಲ ಓದಿ, ನಿಮ್ಮ ಪರವಾಗಿ ಬಟನ್ ಕೂಡ ಒತ್ತುತ್ತದೆ. ಆಂಡ್ರಾಯ್ಡ್ 13ರಿಂದ ಹೊರಗಿನಿಂದ ಬಂದ ಆ್ಯಪ್‌ಗಳಿಗೆ ಈ ಅನುಮತಿಯನ್ನು ಫೋನೇ ತಡೆಯುತ್ತದೆ. ‘ನಿರ್ಬಂಧಿತ ಸೆಟ್ಟಿಂಗ್ ಅನುಮತಿಸಿ’ ಒತ್ತಿ ಎಂದು ಯಾರಾದರೂ ಹೇಳಿಕೊಡುತ್ತಿದ್ದರೆ ಆ ತಡೆಯನ್ನು ನಿಮ್ಮ ಕೈಯಿಂದಲೇ ಮುರಿಸುತ್ತಿದ್ದಾರೆ ಎಂದು ತಿಳಿಯಿರಿ. ಅಂಥ ಆ್ಯಪಿನ ಐಕಾನು ಮಾಯವಾಗಿರುತ್ತದೆ. ಸೆಟ್ಟಿಂಗ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದರೆ ಮೊದಲು ‘ಡಿವೈಸ್ ಅಡ್ಮಿನ್’ (ಫೋನಿನ ಮೇಲೆ ಹೆಚ್ಚಿನ ಅಧಿಕಾರ ಪಡೆದ ಆ್ಯಪ್‌ಗಳ) ಪಟ್ಟಿಯಿಂದ ಅದರ ಟಿಕ್ ತೆಗೆಯಬೇಕು. ಅದಕ್ಕೂ ಬಿಡದಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ (ನಾವು ಹಾಕಿದ ಆ್ಯಪ್‌ಗಳು ಓಡದ ಸ್ಥಿತಿಯಲ್ಲಿ) ತೆರೆದು ತೆಗೆಯಿರಿ.

ಕಾಲೇಜು ಹುಡುಗಿಗೆ ಒಂದು ಮಾತು ಬೇರೆಯಾಗಿ ಹೇಳಿ: ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನು ಯಾರಿಗೂ ‘ಸ್ವಲ್ಪ ದಿನಕ್ಕೆ’ ಬಳಸಲು ಕೊಡಬಾರದು. ಕದ್ದ ಹಣ ಹಾದುಹೋಗುವುದು ಅಂಥ ಖಾತೆಗಳಲ್ಲೇ. ತನಿಖೆ ಬಂದು ನಿಲ್ಲುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ.

ಹೊಸಿಲು

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಆಥೆಂಟಿಕೇಟರ್ ಇರುವ ಫೋನೇ ಕಳೆದರೆ? ಸಿಮ್ ಪಿನ್ ಇಟ್ಟರೆ ವಯಸ್ಸಾದವರು ದಿನಾ ಅದನ್ನು ಒತ್ತುತ್ತಿರಬೇಕೇ? ಎಡವಟ್ಟಾದಾಗಿನ ಕ್ರಮವನ್ನೂ ಯಾರಾದರೂ ಹೇಳಿ.

ಅಗುಳಿ

ಸಿಮ್ ಪಿನ್ ಕೇಳುವುದು ಫೋನ್ ಆಫ್ ಆಗಿ ಆನ್ ಆದಾಗ, ಇಲ್ಲವೇ ಸಿಮ್ ತೆಗೆದು ಹಾಕಿದಾಗ ಮಾತ್ರ. ದಿನಾ ಅಲ್ಲ. ತೊಂದರೆ ಬರುವುದು ರಾತ್ರಿ ಅಪ್‌ಡೇಟ್ ಆಗಿ ಫೋನ್ ತಾನಾಗಿ ರೀಸ್ಟಾರ್ಟ್ ಆದರೆ. ಪಿನ್ ಒತ್ತುವವರೆಗೆ ಕರೆ ಬರುವುದಿಲ್ಲ, ಬೆಳಿಗ್ಗೆ ‘ಫೋನ್ ಕೆಟ್ಟಿದೆ’ ಎನ್ನುತ್ತಾರೆ. ಹಾಗಾಗಿ ಹಿರಿಯರ ಫೋನಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸಿ. ಪಿನ್ ಮತ್ತು ಪಿಯುಕೆ ಎರಡನ್ನೂ ಚಿಲಕ ಹೇಳಿದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.

ಆಥೆಂಟಿಕೇಟರ್ ಖಾತೆ ಸೇರಿಸುವಾಗ ಬರುವ ಕ್ಯೂಆರ್ ಕೋಡನ್ನು ಒಂದೇ ಸಮಯಕ್ಕೆ ಎರಡು ಫೋನಿನಲ್ಲಿ ಸ್ಕ್ಯಾನ್ ಮಾಡಬಹುದು, ಎರಡರಲ್ಲೂ ಒಂದೇ ಅಂಕಿ ಬರುತ್ತದೆ. ಮನೆಯ ಇನ್ನೊಬ್ಬ ನಂಬಿಕಸ್ಥರ ಫೋನಿನಲ್ಲಿ ಜೋಡಿ ಇಡಿ. ಜೊತೆಗೆ ಕಪಾಟಿನ ಬ್ಯಾಕಪ್ ಕೋಡ್ ಇದ್ದೇ ಇದೆ. *#06# ಡಯಲ್ ಮಾಡಿದರೆ ಬರುವ ಐಎಂಇಐ (ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ) ಸಂಖ್ಯೆಯನ್ನೂ ಐದು ಫೋನಿನದ್ದೂ ಬರೆದುಕೊಳ್ಳಿ. ಕಳೆದ ಮೇಲೆ ಬೇಕಾದಾಗ ಅದು ಸಿಗುವುದಿಲ್ಲ.

ಒರೆಗಲ್ಲು

ಎಡವಟ್ಟಾದಾಗಿನ ಕ್ರಮ. ಅವರು ಫೋನಿನ ಪರದೆ ನೋಡುತ್ತಿದ್ದರೆ, ಅಂದರೆ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ಆ್ಯಪ್ ಹಾಕಿಸಿದ್ದರೆ ಅಥವಾ ವಿಡಿಯೊ ಕಾಲಿನಲ್ಲಿ ಸ್ಕ್ರೀನ್ ಶೇರ್ ಮಾಡಿಸಿದ್ದರೆ, ಮೊದಲ ಕೆಲಸ ಏರೋಪ್ಲೇನ್ ಮೋಡ್. ವೈಫೈ ಕೂಡ ಆಫ್ ಆಗಿದೆಯೇ ನೋಡಿ, ಕೆಲವು ಫೋನುಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ವೈಫೈ ಉಳಿಯುತ್ತದೆ. ಬೈಯುತ್ತಾ, ವಾದಿಸುತ್ತಾ ಕೂರಬೇಡಿ.

ಎರಡನೆಯದು ಬ್ಯಾಂಕ್, ಬೇರೆ ಫೋನಿನಿಂದ. ಕಾರ್ಡ್, ನೆಟ್ ಬ್ಯಾಂಕಿಂಗ್ ಎರಡನ್ನೂ ನಿಲ್ಲಿಸಲು ಹೇಳಿ, ದೂರಿನ ನಂಬರನ್ನೂ ಮಾತಾಡಿದ ಹೊತ್ತನ್ನೂ ಬರೆದುಕೊಳ್ಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಮೊದಲ ಹಾರಾಟದಲ್ಲೇ ತಡೆದರೆ ಸಿಗುವ ಆಸೆ ಹೆಚ್ಚು. ಪೊಲೀಸ್ ದೂರು ಅದೇ ಗಂಟೆಯಲ್ಲಿ ಆಗಲಿ, ಬ್ಯಾಂಕಿಗೂ ಅದರ ಪ್ರತಿ ಬೇಕಾಗುತ್ತದೆ. ಮೆಸೇಜು, ಕರೆಯ ಪಟ್ಟಿ ಅಳಿಸಬೇಡಿ. ನಾಚಿಕೆಯಿಂದ ಅಳಿಸುವವರೇ ಹೆಚ್ಚು, ಸಾಕ್ಷಿ ಅದರಲ್ಲೇ ಇರುತ್ತದೆ.

ಫೋನಿನಲ್ಲಿ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋಗಿ, ಅದೇ ಕಂಪನಿಯ ಪಕ್ಕದ ಫೋನಿನಲ್ಲಿ ಇದ್ದರೆ, ನಿಮ್ಮ ಹೆಸರಿನಲ್ಲಿ ಬೇರೆ ಸಿಮ್ ತೆಗೆದಿರುವ ಸಾಧ್ಯತೆ ಇದೆ. ಬೆಳಿಗ್ಗೆ ನೋಡೋಣ ಎನ್ನದೆ ಆಗಲೇ ಕಂಪನಿಗೆ ಕರೆ ಮಾಡಿ.

ಆಮೇಲೆ ಇಮೇಲ್, ಸೋಂಕಿಲ್ಲದ ಬೇರೆ ಸಾಧನದಿಂದ. ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು ಅಂದುಕೊಳ್ಳುವಲ್ಲೇ ಎಲ್ಲರೂ ಎಡವುತ್ತಾರೆ. ಹೊಕ್ಕವನು ಹಿಂಬಾಗಿಲು ಇಟ್ಟು ಹೋಗಿರುತ್ತಾನೆ. ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ ವಿಳಾಸ ಇದೆಯೇ, ಬ್ಯಾಂಕಿನ ಮೇಲ್‌ಗಳನ್ನು ನೇರ ಕಸದ ಬುಟ್ಟಿಗೆ ಹಾಕುವ ಫಿಲ್ಟರ್ ಇದೆಯೇ, ರಿಕವರಿ ನಂಬರ್ ಬದಲಾಗಿದೆಯೇ, ಗೊತ್ತಿಲ್ಲದ ಆ್ಯಪಿಗೆ ಖಾತೆಯ ಅನುಮತಿ ಇದೆಯೇ, ನಾಲ್ಕನ್ನೂ ನೋಡಿ. ಬೇರೆ ಸಾಧನಗಳಿಂದೆಲ್ಲ ಲಾಗ್ ಔಟ್ ಮಾಡಿಸಿ.

ಇನ್ನು ಕೆಲವು ವಾರ ಕಳೆದ ಮೇಲೆ ಮತ್ತೊಂದು ಕರೆ ಬರಬಹುದು: ‘ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಲು ಶುಲ್ಕ ಕಟ್ಟಿ.’ ಕಳೆದುಕೊಂಡವರ ಪಟ್ಟಿಯೂ ಮಾರಾಟವಾಗುತ್ತದೆ. ವಕೀಲ, ಅಧಿಕಾರಿ, ಹ್ಯಾಕರ್ ಯಾವ ಹೆಸರಿನಲ್ಲಿ ಬಂದರೂ ಮುಂಗಡ ಕೇಳಿದರೆ ಅದೇ ತಂಡ ಅಥವಾ ಅದರ ದಾಯಾದಿ.

ಅಗುಳಿ

ಒರೆಗಲ್ಲು ಅವರ ##002# ಬಗ್ಗೆ ಒಂದು ಸೇರ್ಪಡೆ. ವಾಯ್ಸ್‌ಮೇಲ್ ಬಳಸುವವರಿಗೆ ಅದು ಕೂಡ ಕರೆ ತಿರುಗಿಸುವುದರಿಂದಲೇ ನಡೆಯುವುದು, ಈ ಕೋಡ್ ಒತ್ತಿದರೆ ಅದೂ ನಿಲ್ಲುತ್ತದೆ. ಹಾಗೆಯೇ *#62# ಒತ್ತಿದಾಗ, ಅಂದರೆ ಫೋನ್ ಸಿಗದಿದ್ದಾಗ ಕರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ, ಗೊತ್ತಿಲ್ಲದ ನಂಬರ್ ಕಂಡರೆ ಗಾಬರಿಯಾಗಬೇಡಿ, ಅದು ಕಂಪನಿಯ ವಾಯ್ಸ್‌ಮೇಲ್ ಕೇಂದ್ರದ್ದಾಗಿರಬಹುದು. ಅದೇ ಕಂಪನಿಯ ಇನ್ನೊಂದು ಫೋನಿನಲ್ಲಿ ಒತ್ತಿ ತಾಳೆ ನೋಡಿ. *#21# ಒತ್ತಿದಾಗ ನೀವು ಹಾಕದ ನಂಬರ್ ಬಂದರೆ ಮಾತ್ರ ತಡಮಾಡದೆ ಅಳಿಸಿ.